ರೇಡಿಯೋದಲ್ಲಿ ಸತ್ತ ಅವ್ವ

ನಮ್ಮವ್ವ ಟೆಲಿಥಾ ತಾನು ಸತ್ತ ಸುದ್ದಿಯನ್ನು ಬೀನ್ಸ್ ನಾರು ಬಿಡಿಸುತ್ತ ಕೂತಿದ್ದಾಗ ಕೇಳಿದಳು. ರೇಡಿಯೋದಲ್ಲಿ ಅದನ್ನು ಹೇಳಿದವನು ಅವಳ ಮಗ, ನನ್ನ ತಮ್ಮ ಡೆಲ್ಮರ್.

ಆಗ ನಮ್ಮ ಕೆಂಟಕಿಯ ಗುಡ್ಡಗಳಲ್ಲಿ ಕಲ್ಲಿದ್ದಲ ಗಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಪಟ್ಟಣದ ಹುಡುಗರಿಗೆ ಮಾತ್ರ ನಮ್ಮ ಹಳೇ ಹಾಡುಗಳ ಹುಚ್ಚು ಹತ್ತಿತ್ತು. ಅಪ್ಪ ಕೆತ್ತಿದ ಡಲ್ಸಿಮರನ್ನು ಕಂಕುಳಲ್ಲಿ ಇಟ್ಟುಕೊಂಡು ನ್ಯೂಯಾರ್ಕಿಗೆ ಹೋದ ಡೆಲ್ಮರ್, ಅದನ್ನು ತೊಡೆಯ ಮೇಲೆ ಮಲಗಿಸಿ ಹೆಬ್ಬಾತಿನ ಗರಿಯಿಂದ ಅದರ ಮೂರು ತಂತಿ ಮೀಟಿ ದೊಡ್ಡ ಮನುಷ್ಯನಾಗಿದ್ದ. ಚೆನ್ನಾಗಿಯೇ ನುಡಿಸುತ್ತಿದ್ದ, ಇಲ್ಲವೆಂದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಆದರೆ ನುಡಿಸಿ ಸುಮ್ಮನಿರುವ ಜಾತಿಯಲ್ಲ ಅವನು.

"ನನ್ನ ತಾಯಿ ಪ್ರಾಣ ಬಿಡುವಾಗ ಈ ಹಾಡನ್ನ ನನ್ನ ಕಿವಿಯಲ್ಲಿ ಹಾಡಿದಳು. ಮಗನೇ, ಇದನ್ನ ಲೋಕಕ್ಕೆ ಕೊಡು ಅಂದಳು," ಎಂದ ರೇಡಿಯೋದಲ್ಲಿ. ನಡುವೆ ಬಿಕ್ಕಿಯೂ ತೋರಿಸಿದ.

ಅವ್ವನ ಕೈ ನಿಂತಿತು. "ಯಾವಾಗ ಸತ್ತೆನಂತೆ?"

"ಅದನ್ನ ಹೇಳಲಿಲ್ಲವ್ವ."

"ಹಾಡಿದ್ದೂ ನಾನೇ ಅಂತಾ?"

ಅವ್ವ ಹೋಗುವ ಚರ್ಚಿನಲ್ಲಿ ವಾದ್ಯವೆಂದರೆ ಪಾಪ. ಡೆಲ್ಮರ್ ಚಿಕ್ಕವನಿದ್ದಾಗ ಡಲ್ಸಿಮರ್ ಮುಟ್ಟಿದರೆ, "ಹಂದಿಗೂಡಿನ ಹತ್ರ ಹೋಗಿ ಬಾರಿಸೋ, ಅವಕ್ಕೆ ದೇವರ ಭಯ ಇಲ್ಲ" ಎಂದು ಓಡಿಸುತ್ತಿದ್ದಳು. ಆ ದಿನ ನಾನು ಅವನಿಗೆ ಉಗಿದು ಬರೆಯುತ್ತೇನೆಂದು ಎದ್ದರೆ ಅವಳೇ ತಡೆದಳು. "ಬಿಡೇ ಮಿಂಟಿ. ರೇಡಿಯೋದವರು ಹೇಳಿಸಿರ್ತಾರೆ. ಹೊಟ್ಟೆಪಾಡು." ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಎಲೆ ಕೆಂಪಾಗುವ ಕಾಲದಲ್ಲಿ ಅವನು ಊರಿಗೆ ಬಂದ. ಮನೆಗಲ್ಲ. ನಮ್ಮ ಮನೆಯ ಮೇಲಿನ ದಿಬ್ಬದಲ್ಲಿ ನಮ್ಮ ಕುಟುಂಬದ ಗೋರಿಗಳಿವೆ. ಅಲ್ಲಿ ಹೊಸ ರೆಕಾರ್ಡಿಗೆಂದು ಫೋಟೋ ತೆಗೆಸುತ್ತಿದ್ದಾನೆ ಎಂದು ಅಂಗಡಿಯವನು ಹೇಳಿದ. ಅವ್ವ ಚರ್ಚಿಗೆ ಉಡುವ ಬಟ್ಟೆ ಹಾಕಿಕೊಂಡಳು. ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ, ಮಜ್ಜಿಗೆ ಡಬ್ಬಿಗೆ ತುಂಬಿ, "ಏನೂ ತಿಂದಿರಲ್ಲ ಅವನು" ಎಂದು ಮೊಣಕಾಲು ಹಿಡಿದುಕೊಂಡು ದಿಬ್ಬ ಹತ್ತಿದಳು. ನಾನು ಹಿಂದೆ.

ಡೆಲ್ಮರ್ ಒಂದು ಗೋರಿಯ ಪಕ್ಕ ಬರಿಗಾಲಲ್ಲಿ, ಅಳುಮೋರೆ ಮಾಡಿಕೊಂಡು ಕೂತಿದ್ದ. ಮೈಮೇಲೆ ತೇಪೆಯ ಬಟ್ಟೆ. ತೇಪೆಗಳೂ ಹೊಸವು, ಮೆಷಿನ್ನಿನ ಹೊಲಿಗೆ. ಸಣ್ಣವನಿದ್ದಾಗ ಒಂದು ಮುಳ್ಳು ಚುಚ್ಚಿದರೆ ಇಡೀ ಕಣಿವೆಗೆ ಕೇಳುವಂತೆ ಅಳುತ್ತಿದ್ದವನ ಕಾಲುಗಳು ಅವು. ಎದುರಿಗೆ ಒಬ್ಬ ಫೋಟೋದವನು. ಜೊತೆಗೆ ಲಿಯೋನಾ ಎಂಬ ಬಾಸ್ಟನ್ನಿನ ಹೆಂಗಸು, ಅವಳೂ ಡಲ್ಸಿಮರಿನಲ್ಲಿ ಹೆಸರು ಮಾಡಿದವಳೇ. ಅವಳು ಅವ್ವನನ್ನು ನೋಡಿ, "ಇವರು ಯಾರು?" ಎಂದಳು.

ನಕ್ಕು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಡೆಲ್ಮರ್ ಸುಣ್ಣದಂತೆ ಬಿಳಿಚಿಕೊಂಡು ಹೇಳಿದ: "ನಮ್ಮ ಚಿಕ್ಕಮ್ಮ. ಅವ್ವನ ತಂಗಿ."

ಲಿಯೋನಾ ಕಣ್ಣಲ್ಲಿ ನೀರು ತಂದುಕೊಂಡು ಅವ್ವನ ಕೈ ಹಿಡಿದಳು. "ಅಕ್ಕನ್ನ ಕಳ್ಕೊಂಡು ತುಂಬಾ ಸಂಕಟ ಆಗಿರ್ಬೇಕು ನಿಮಗೆ. ಹೇಗಿದ್ರು ಅವರು?"

ಅವ್ವ ಮಗನನ್ನೇ ನೋಡಿದಳು. ಅವನು ತಂತಿ ಬಿಗಿಯುವ ನಾಟಕ ಮಾಡುತ್ತಿದ್ದ.

"ದಡ್ಡಿ," ಎಂದಳು ಅವ್ವ. "ಮಗ ಹಸಿದಿರ್ತಾನೆ ಅಂತ ಗುಡ್ಡ ಹತ್ತೋವಂಥ ದಡ್ಡಿ. ಸತ್ತದ್ದು ಒಳ್ಳೇದಾಯ್ತು ಬಿಡಮ್ಮ."

"ಕೊನೇ ಗಳಿಗೆಯಲ್ಲಿ ಹಾಡಿದ್ರಂತೆ?"

"ಅವಳಿಗೆ ಸ್ವರ ಎಲ್ಲಿತ್ತು? ಇವನ ಹೆಸರು ಹಿಡಿದು ಕರೆದ್ಲು. ಇವನು ಓ ಅನ್ನಲಿಲ್ಲ."

ರೊಟ್ಟಿಯ ಗಂಟನ್ನು, ಮಜ್ಜಿಗೆಯನ್ನು ಚಳಿಗೆ ನಡುಗುತ್ತಿದ್ದ ಫೋಟೋದವನ ಕೈಗೆ ಕೊಟ್ಟು ಅವ್ವ ಇಳಿದುಹೋದಳು.

ನಾನು ಡೆಲ್ಮರನ ಹತ್ತಿರ ಬಗ್ಗಿದೆ. "ಲೋ, ನೀನು ಅಳ್ತಾ ಕೂತಿರೋದು ಎಫ್ರಾಯಿಮ್ ದೊಡ್ಡಪ್ಪನ ಗೋರಿ ಮುಂದೆ. ಹೇಸರಗತ್ತೆ ಕದ್ದು ಸಿಕ್ಕಿಬಿದ್ದೋನು. ನುಡಿಸು, ಅವನಿಗೆ ನೀನು ಹಿಡಿಸ್ತೀಯ."

"ನಿನಗೆ ಅರ್ಥ ಆಗಲ್ಲ ಮಿಂಟಿ," ಎಂದು ಪಿಸುಗುಟ್ಟಿದ. "ಅಲ್ಲಿನ ಜನಕ್ಕೆ ಇಂಥದ್ದೇ ಬೇಕು."

"ಹಾಗಾದ್ರೆ ಕೊಡು. ಒಬ್ಬಳು ಅಕ್ಕ ಮಿಕ್ಕಿದ್ದಾಳಲ್ಲ, ಅವಳನ್ನೂ ಸಾಯ್ಸು. ಮುಂದಿನ ರೆಕಾರ್ಡಿಗೆ ಆಗುತ್ತೆ."

ಕಾರು ಹತ್ತುವ ಮುಂಚೆ ಲಿಯೋನಾ ನನ್ನನ್ನು ಪಕ್ಕಕ್ಕೆ ಕರೆದು, ಆ ಮುದುಕಿ ನಿಜಕ್ಕೂ ಯಾರೆಂದು ಕೇಳಿದಳು. ಹೇಳಿದೆ. ಮತ್ತೊಮ್ಮೆ ಕಣ್ಣೊರೆಸಿಕೊಂಡಳು. ಆ ಚಳಿಗಾಲ ಹೊರಬಂದ ರೆಕಾರ್ಡಿನಲ್ಲಿ ಅವನ ಪಕ್ಕ ಕೂತು ನುಡಿಸಿರುವವಳು ಅವಳೇ. ರಟ್ಟಿನ ಮೇಲೆ ತಮ್ಮನ ಬರಿಗಾಲು, ಎಫ್ರಾಯಿಮನ ಕಲ್ಲು.

ಮಾರನೇ ವರ್ಷ ಡೆಲ್ಮರ್ ಒಬ್ಬನೇ ಬಂದ. ಒಳ್ಳೆಯ ಕೋಟು, ಒಳ್ಳೆಯ ಬೂಟು. ಜಗಲಿಯ ಮೆಟ್ಟಿಲಲ್ಲಿ ನಿಂತು "ಅವ್ವಾ" ಎಂದ.

ಅವ್ವ ಎದ್ದು ಕುರ್ಚಿ ತೋರಿಸಿದಳು. "ಬನ್ನಿ. ಕೂತ್ಕೊಳ್ಳಿ. ದೂರದಿಂದ ಬಂದಿರೋ ಹಾಗಿದೆ."

"ಅವ್ವಾ, ನಾನು..."

"ಊಟ ಮಾಡ್ತೀರಾ? ಬೀನ್ಸ್ ಇದೆ."

ಬಡಿಸಿದಳು. ಪಾದ್ರಿಗೆ ಬಡಿಸುವಷ್ಟೇ ಮರ್ಯಾದೆಯಿಂದ, ತಟ್ಟೆ ಬರಿದಾಗದಂತೆ. ಅವನು ತಲೆ ಬಗ್ಗಿಸಿ ಅಳುತ್ತ ತಿಂದ. ಈ ಸಲ ಅಳು ನಿಜವಿತ್ತೋ ಏನೋ, ಅವನ ವಿಷಯದಲ್ಲಿ ನಾನು ಪ್ರಮಾಣ ಮಾಡಲಾರೆ. ಹೊರಡುವಾಗ ಅವ್ವ ಬಾಗಿಲವರೆಗೆ ಬಂದು, "ದಾರೀಲಿ ಕೆಸರಿದೆ, ನೋಡ್ಕೊಂಡು ಹೋಗಿ" ಎಂದಳು. ಸಾಯುವವರೆಗೂ ಅವನಿಗೆ ಬಹುವಚನವೇ.

ಆ ಊಟದ ಮೇಲೂ ಅವನೊಂದು ಹಾಡು ಕಟ್ಟಿದ್ದಾನಂತೆ. ಜನ ಮೆಚ್ಚಿದ್ದಾರಂತೆ. ನಾನು ಕೇಳಿಲ್ಲ.