ಅಳತೆಯ ಮುಚ್ಚಳ

ಕಿಟಕಿಯ ಪರದೆಯ ಅಂಚು ಒಂದು ಗೇಣಿನಷ್ಟು ಬಿಚ್ಚಿಕೊಂಡಿದೆ, ದಾರ ಜೋತುಬಿದ್ದು ಫ್ಯಾನಿನ ಗಾಳಿಗೆ ಅತ್ತಿತ್ತ ಆಡುತ್ತಿದೆ, ಯಾರು ಹೊಲಿದದ್ದೋ ಎಂದು ಬೇರೆಯವರಾದರೆ ಬೈಯಬಹುದು, ನಾನು ಬೈಯುವ ಹಾಗಿಲ್ಲ, ಹೊಲಿದವಳು ನಾನೇ — ಮಗನನ್ನು ಇಲ್ಲಿ ಸೇರಿಸಿದ್ದ ವರ್ಷ, ಕುಡಿತ ಬಿಡಿಸುವ ಈ ಮನೆಯವರಿಗೆ ನಮ್ಮ ಕೈಲಾದ ಸೇವೆ ಎಂದು ಹಸಿರು ಬಟ್ಟೆ ತಂದು, ಹೊಲಿದು, ಇಸ್ತ್ರಿ ಮಾಡಿ, ಸೊಸೆಯ ಕೈಯಲ್ಲಿ ಹೊರಿಸಿಕೊಂಡು ಬಂದಿದ್ದೆ. ಆಗ ಕೈ ನಡುಗುತ್ತಿರಲಿಲ್ಲ, ಈಗ ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಕುರ್ಚಿಯೂ ಅದೇ, ಕಿಟಕಿಯ ಪಕ್ಕದ್ದು, ರೋಗಿಗಳ ಮನೆಯವರು ಕೂರುವ ಸಾಲು, ಎದುರಿಗೆ ಗೋಡೆಗೆ ಒತ್ತಿ ಹಾಕಿದ ಬೆಂಚು ರೋಗಿಗಳದು, ಒಳಗೆ ಬಂದವಳನ್ನು ಕಾಲು ತಾನಾಗಿ ಈ ಕಡೆಗೆ ಕರೆತಂದಿತು, ಕಾಲಿಗೇನು ಗೊತ್ತು — ಸುಳ್ಳು, ಕಾಲಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಈ ಸಲ ಸೇರುವುದಕ್ಕೆ ಬಂದವಳು ನಾನು ಎಂದು. ಹೊರಗೆ ಆಫೀಸಿನ ಕಿಂಡಿಯ ಮುಂದೆ ಸೊಸೆ ನಿಂತಿದ್ದಾಳೆ, ನಾವು ಬಂದಕೂಡಲೇ ಆ ಗುಮಾಸ್ತ ನಮ್ಮಿಬ್ಬರ ಬೆನ್ನ ಹಿಂದೆ ಕತ್ತು ಚಾಚಿ ನೋಡಿದ, ಪೇಷಂಟ್ ಎಲ್ಲಿ ಅಮ್ಮಾ, ಇನ್ನೂ ಗಾಡೀಲೇ ಬಿದ್ದಿದಾನಾ, ಎತ್ಕೊಂಡು ಬರೋಕೆ ಯಾರನ್ನಾದ್ರೂ ಕಳಿಸ್ಲಾ ಅಂದ, ಇಬ್ಬರು ಹೆಂಗಸರು ಬಂದರೆ ಗಾಡಿಯಲ್ಲಿ ಒಬ್ಬ ಗಂಡಸು ಬಿದ್ದಿರಲೇಬೇಕು, ಅವನು ತಿಳಿದದ್ದು ತಪ್ಪಲ್ಲ, ನನಗೆ ನಗು ಬಂತು, ಸೊಸೆ ನಗಲಿಲ್ಲ, ಅತ್ತೆ, ನೀವು ಒಳಗೆ ಹೋಗಿ ಕೂತ್ಕೊಳಿ, ನಾನು ಹೇಳ್ತೀನಿ ಅಂದಳು, ಹೇಗೆ ಹೇಳುತ್ತಾಳೋ, ಯಾವ ಮಾತು ಹುಡುಕುತ್ತಾಳೋ, ನಾನಂತೂ ಬಲಮುಷ್ಟಿಯನ್ನು ಶಾಲಿನೊಳಗೆ ಮುಚ್ಚಿಕೊಂಡು ಕೂತಿದ್ದೇನೆ, ಮುಷ್ಟಿಯೊಳಗೆ ಮುಚ್ಚಳ.

ಮಗನನ್ನು ಕರೆತಂದ ದಿನ ಅವನ ಜೇಬು, ಚೀಲ, ಕೊನೆಗೆ ಬೂಟಿನ ಅಡಿಯನ್ನೂ ಬಿಡದೆ ತಡಕಿದ್ದರು, ಇವತ್ತು ನನ್ನನ್ನು ಯಾರೂ ಮುಟ್ಟಿಲ್ಲ, ಮುದುಕಿಯ ಚೀಲದಲ್ಲಿ ಪ್ರಾರ್ಥನೆ ಪುಸ್ತಕ, ಮಂಡಿನೋವಿನ ಎಣ್ಣೆ ಬಿಟ್ಟು ಇನ್ನೇನಿರುತ್ತದೆ. ಖಾಲಿ ಮುಚ್ಚಳ, ಅದರಲ್ಲಿ ಏನೂ ಇಲ್ಲ, ಮಗುವಿನ ಕೆಮ್ಮಿನ ಔಷಧಿಯ ಬಾಟಲಿಯ ಮೇಲೆ ಬರುವ ಬೆಳ್ಳನೆಯ ಪ್ಲಾಸ್ಟಿಕ್ ಮುಚ್ಚಳ, ಒಳಗೆ ಅಳತೆಯ ಗೆರೆಗಳು, ಯಾಕೆ ತಂದೆ ಎಂದು ಕೇಳಿದರೆ ಹೇಳಲಾರೆ, ಬೆರಳು ಬಿಡಲೊಲ್ಲದು. ಮಗ ಚಿಕ್ಕವನಾಗಿದ್ದಾಗ ಇದನ್ನು ಕಂಡರೆ ಓಡುತ್ತಿರಲಿಲ್ಲ, ಬೇರೆ ಮಕ್ಕಳ ಹಾಗಲ್ಲ, ತಾನಾಗಿ ಬಂದು ನಿಂತು ಬಾಯಿಯನ್ನು ದುಂಡಗೆ ತೆರೆಯುತ್ತಿದ್ದ, ನಾನು ಮೊದಲು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ ಆಮೇಲೆ ಹಾಕುತ್ತಿದ್ದೆ, ತಾಯಿ ರುಚಿ ನೋಡದೆ ಮಗುವಿಗೆ ಹಾಕುವುದುಂಟೆ — ಅಯ್ಯೋ, ಮೇಷ್ಟ್ರು ಈ ಕಡೆಗೇ ಬರುತ್ತಿದ್ದಾರೆ, ಇಲ್ಲಿ ಬುದ್ಧಿ ಹೇಳುವವರು, ಎಲ್ಲರೂ ಮೇಷ್ಟ್ರೇ ಅನ್ನುತ್ತಾರೆ, ಕೂದಲು ಪೂರ್ತಿ ಬೆಳ್ಳಗಾಗಿದೆ, ಗುರುತು ಹಿಡಿಯದಿರಲಿ ದೇವರೇ — ಹಿಡಿದರು. ಹೊಲಿಗೆಯಮ್ಮ ಅಲ್ವಾ, ಎಷ್ಟು ದಿನ ಆಯ್ತಮ್ಮ ನೋಡಿ, ನಿಮ್ಮ ಪರದೆ ಇನ್ನೂ ಹಾಗೇ ಇದೆ ನೋಡಿ, ಮಗ ಹೇಗಿದಾನೆ? ನಾನು ಬಾಯಿ ತೆರೆದೆ, ಬಂದ ಮಾತು, ಚೆನ್ನಾಗಿದಾನೆ.

ಚೆನ್ನಾಗಿದಾನೆ. ಮಣ್ಣು ಕೊಟ್ಟು ಬಂದ ಮಗನ ಬಗ್ಗೆ ಹೆತ್ತವಳು ಆಡಿದ ಮಾತು ಅದು, ನಾಲಿಗೆ ತಡವರಿಸಲೂ ಇಲ್ಲ, ಪ್ರತಿದಿನ ಬೆಳಗ್ಗೆ ಅವನ ಆತ್ಮಕ್ಕೆ ಶಾಂತಿ ಕೊಡಪ್ಪ ಎಂದು ಬೇಡುವ ಅದೇ ನಾಲಿಗೆ, ಆ ಶಾಂತಿಯೂ ಈಗ ನಾಚಿಕೊಂಡಿರಬೇಕು. ಮೇಷ್ಟ್ರ ಮುಖ ಅರಳಿತು, ಸಂತೋಷ ಆಯ್ತಮ್ಮ, ಇವತ್ತು ಹೊಸಬರು ತುಂಬ ಜನ ಬಂದಿದಾರೆ, ಎಲ್ಲಾ ಕೈಚೆಲ್ಲಿ ಕೂತಿದಾರೆ, ಕೊನೇಲಿ ನೀವೊಂದೆರಡು ಮಾತಾಡ್ಬೇಕು, ತಾಯಿ ಬಾಯಲ್ಲಿ ಕೇಳಿದ್ರೆ ಧೈರ್ಯ ಬರುತ್ತೆ ಅಂದರು, ಬೇಡ ಮೇಷ್ಟ್ರೇ ಅಂದದ್ದನ್ನು ಸಂಕೋಚ ಎಂದುಕೊಂಡರು, ನಗುತ್ತಾ ಮುಂದಿನ ಕುರ್ಚಿಗೆ ಹೋದರು. ಈಗ ಸಭೆ ಶುರುವಾಗಿದೆ, ಸಾಲಿನ ಆ ತುದಿಯಿಂದ ಒಬ್ಬೊಬ್ಬರೇ ಎದ್ದು ಹೇಳುತ್ತಿದ್ದಾರೆ, ಎಲ್ಲರೂ ಹೆಂಗಸರೇ, ನನ್ನ ಗಂಡ, ನನ್ನ ತಮ್ಮ, ನನ್ನ ಮಗ, ಎದುರಿನ ಬೆಂಚಿನ ತುಂಬ ಅವರವರ ಗಂಡಸರು ತಲೆ ಬಗ್ಗಿಸಿ ಕೂತಿದ್ದಾರೆ, ಈ ಕಡೆ ಹೆಂಗಸರು, ಆ ಕಡೆ ಗಂಡಸರು, ನಡುವೆ ಒರೆಸಿದ ನೆಲ, ಅದನ್ನು ದಾಟಿದರೆ ಬೆಂಚಿನ ತುದಿಯಲ್ಲಿ ಒಂದು ಜಾಗ ಖಾಲಿ ಇದೆ, ಮಾತು ನನ್ನ ಹತ್ತಿರ ಬರುವುದರೊಳಗೆ ನನಗೆ ಜೋರು ಜ್ವರ ಬರಬಾರದೆ.

ಇದೇ ಕುರ್ಚಿಯಿಂದ ಆ ವರ್ಷ ಎದ್ದು ನಿಂತು ಮಾತಾಡಿದ್ದೆ, ಎಷ್ಟು ಚೆನ್ನಾಗಿ ಮಾತಾಡಿದ್ದೆ, ಮನೆಗೆ ಬಂದ ಗಂಡಸಿಗೆ ಒಂದು ನಗುಮುಖ ಕಂಡ್ರೆ ಅವನ್ಯಾಕೆ ಹೊರಗೆ ಹೋಗಿ ಕುಡೀತಾನೆ ಅಂತ, ಸೊಸೆ ಪಕ್ಕದಲ್ಲೇ ಕೂತಿದ್ದಳು, ಹೊಟ್ಟೆಯಲ್ಲಿ ಮಗು ಇತ್ತು, ಅವಳು ಪರದೆಯನ್ನೇ ನೋಡುತ್ತಿದ್ದಳು, ಉಳಿದ ತಾಯಂದಿರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು, ಮೇಷ್ಟ್ರೂ. ಈಗ ನನಗೆ ನಗುಮುಖ ತೋರಿಸದವರು ಯಾರು, ನನ್ನ ಹೆಂಡತಿ ಎಲ್ಲಿದ್ದಾಳೆ, ಅವಳನ್ನು ಎಬ್ಬಿಸಿ ನಿಲ್ಲಿಸಿ ಕೇಳಬೇಕು. ಆಗ ಹಿಂದಿನ ಕೋಣೆಯಲ್ಲಿ ಒಬ್ಬಳಿದ್ದಳು, ಆಸ್ಪತ್ರೆಯ ನರ್ಸು, ನೋವಿನ ಇಂಜೆಕ್ಷನ್ ತಾನೇ ಚುಚ್ಚಿಕೊಂಡು ಚಟ ಹಿಡಿಸಿಕೊಂಡವಳು, ಹೆಂಗಸರಿಗೆಂದು ಬೇರೆ ವಾರ್ಡು ಇರಲಿಲ್ಲ, ಸಾಮಾನು ತುಂಬುವ ಕೋಣೆಯಲ್ಲಿ ಮಂಚ ಹಾಕಿಕೊಟ್ಟಿದ್ದರು, ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿಲ್ಲ, ಗಂಡಸರು ಮರದ ಕೆಳಗೆ ಕೇರಂ ಆಡುವಾಗ ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು, ಅದೂ ಚಿಕಿತ್ಸೆ ಅನ್ನುತ್ತಿದ್ದರು. ಭಾನುವಾರ ಗಂಡಸರಿಗೆಲ್ಲ ಒಗೆದ ಬಟ್ಟೆ, ಹಣ್ಣು, ಹೆಂಡತಿ, ಮಕ್ಕಳು, ಅವಳಿಗೆ ಯಾರೂ ಬರುತ್ತಿರಲಿಲ್ಲ. ಒಂದು ದಿನ ನನ್ನ ಹತ್ತಿರ ಬಂದು, ಅಮ್ಮಾ, ಗುಂಡಿ ಕಿತ್ತುಹೋಗಿದೆ, ಒಂದು ಸೂಜಿ ಕೊಡ್ತೀರಾ ಅಂದಳು, ನಾನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ, ಸೂಜಿ ಇಲ್ಲ ಅಂದೆ, ಹೊಲಿಗೆಯಮ್ಮನ ಬಳಿ ಸೂಜಿ ಇಲ್ಲ, ಅವಳು ಹೋದಮೇಲೆ ಸೊಸೆಗೆ ಹೇಳಿದೆ, ಗಂಡಸು ಹಾಳಾದ್ರೆ ಹಾಳಾದ ಅನ್ನಬಹುದು, ಹೆಂಗಸಾಗಿ ಇದೇನೇ. ಅವಳು ಎದೆಯ ಹತ್ತಿರ ಬಟ್ಟೆಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಡೆದುಹೋದಳು, ಆ ಕೋಣೆಗೆ ಈಗಲಾದರೂ ಚಿಲಕ ಹಾಕಿಸಿದ್ದಾರೋ ಇಲ್ಲವೋ, ನಾನು ಮಲಗುವುದು ಅಲ್ಲಿಯೇ ಇರಬೇಕು.

ಮೂರನೇ ಕುರ್ಚಿಯವಳು ಅಳುತ್ತಿದ್ದಾಳೆ, ಮೇಷ್ಟ್ರು ನೀರು ಕೊಟ್ಟರು, ಗಂಟಲು ನನ್ನದೂ ಒಣಗಿದೆ, ನೀರಿಗಲ್ಲ. ಇಲ್ಲಿಂದ ವಾಪಸು ಬಂದಮೇಲೆ ಮಗ ಒಂದು ಮಳೆಗಾಲ ಸರಿಯಾಗಿದ್ದ, ಮತ್ತೆ ಶುರು ಮಾಡಿದ, ಮತ್ತೆ ಇಲ್ಲಿಗೆ ಕರೆತರಲು ನನಗೆ ಮುಖವಿರಲಿಲ್ಲ, ಪರದೆ ಕೊಟ್ಟು ಹೊಗಳಿಸಿಕೊಂಡು ಹೋದವಳು, ನಾನೇ ಬಿಡಿಸುತ್ತೇನೆ ಎಂದು ಅವನು ಕುಡಿಯುವ ಬಾಟಲಿಯನ್ನು ಹೊಲಿಗೆ ಯಂತ್ರದ ಖಾನೆಯಲ್ಲಿಟ್ಟು ಬೀಗ ಹಾಕಿದೆ, ದೀಪ ಹಚ್ಚುವ ಹೊತ್ತಿಗೆ ಈ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದೆ, ವಾರದಿಂದ ವಾರಕ್ಕೆ ಒಂದು ಗೆರೆ ಇಳಿಸುತ್ತಾ, ಬಟ್ಟೆ ಅಳೆದ ಕೈ, ಇದನ್ನು ಅಳೆಯಲಾರದೆ. ಕೊಡುವ ಮುಂಚೆ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದೆ, ಅಭ್ಯಾಸ, ಮೊದಮೊದಲು ವಾಕರಿಕೆ, ಆಮೇಲೆ ಮಂಡಿನೋವು ಸ್ವಲ್ಪ ಕಡಿಮೆ ಅನ್ನಿಸಿತು, ಆಮೇಲೆ ನಿದ್ದೆ, ಅವನಿಗೆ ಇಳಿದ ಗೆರೆಗಳೆಲ್ಲ ನನಗೆ ಏರಿದವು, ಅದು ಅವನಿಗೆ ಗೊತ್ತಾಗಿತ್ತು, ಒಂದು ಸಂಜೆ ನಕ್ಕ, ಅಮ್ಮಾ, ನೀನು ರುಚಿ ನೋಡೋದು ಜಾಸ್ತಿ ಆಯ್ತು ಕಣೆ ಅಂದ, ನಾನು ಬೈದೆ, ಬಾಯಿ ಮುಚ್ಚೋ ಕುಡುಕ ಅಂದೆ, ಬೈದ ಬಾಯಿಯಲ್ಲಿ ಅದೇ ವಾಸನೆ. ಅವನು ನನಗೆ ಕಾಣದ ಹಾಗೆ ಹೊರಗೂ ಕುಡಿಯುತ್ತಿದ್ದ, ನಾನು ಅವನಿಗೆ ಕಾಣದ ಹಾಗೆ ಒಳಗೆ, ಕೊನೆಯ ದಿನಗಳಲ್ಲಿ ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ಒಣಗಿದ ತುಟಿ, ನೀರು ಎಂದು ಬಾಯಿಯನ್ನು ದುಂಡಗೆ ತೆರೆದ, ಲೋಟದಲ್ಲಿ ಕುಡಿಯಲು ಆಗದು, ಈ ಮುಚ್ಚಳದಲ್ಲೇ ಬಿಟ್ಟೆ. ಮಣ್ಣಿಗೆ ಬಂದವರೆಲ್ಲ ಪಾಪ, ಒಳ್ಳೆ ಮನುಷ್ಯ, ಏನು ಕಷ್ಟವಿತ್ತೋ ಅಂದರು, ಆ ದಿನದಿಂದ ದೀಪ ಹಚ್ಚುವ ಹೊತ್ತಿಗೆ ಅವನ ಪಾಲನ್ನೂ ನಾನೇ ಕುಡಿದೆ, ಮೊದಲು ಪ್ರಾರ್ಥನೆ, ಆಮೇಲೆ ಖಾನೆಯ ಬೀಗ, ದೇವರ ಮುಂದೆ ಬಾಯಿಗೆ ಶಾಲು ಅಡ್ಡ ಹಿಡಿದು ಕೂರುವವಳು ಇನ್ನು ಯಾರಿಂದ ಏನು ಮುಚ್ಚಿಟ್ಟಾಳು.

ಬರೀ ಮುಚ್ಚಳದಷ್ಟು, ಅದೇನು ಮಹಾ ಎಂದುಕೊಂಡಿದ್ದೆ, ಒಂದಾದಮೇಲೆ ಒಂದು ಎಷ್ಟು ಮುಚ್ಚಳ ಎಂದು ನನ್ನನ್ನು ನಾನು ಕೇಳಿಕೊಂಡವಳಲ್ಲ. ಇಲ್ಲಿಗೆ ಬರುವ ಮುಂಚೆ ಸೊಸೆ ಕರೆದೊಯ್ದು ತೋರಿಸಿದ ಡಾಕ್ಟರಮ್ಮ ಹೊಟ್ಟೆಯನ್ನು ಒತ್ತಿ ನೋಡಿ, ಅಮ್ಮಾ, ಎಷ್ಟು ವರ್ಷದಿಂದ ಅಂದಳು, ಹೇಳಿದೆ, ಅವಳು ಬೈಯಲಿಲ್ಲ, ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ ಅಮ್ಮಾ, ಗಂಡಸು ಕುಡಿದಷ್ಟೇ ಕುಡಿದ್ರೂ ನಮಗೆ ರಕ್ತದಲ್ಲಿ ಜಾಸ್ತಿ ಏರುತ್ತೆ, ನಿಮ್ಮ ಮಗನಿಗೆ ಹಾಳಾಗೋಕೆ ಹಿಡಿದ ಕಾಲ ನಿಮಗೆ ಹಿಡಿಯಲ್ಲ, ಬೇಗ ಆಗುತ್ತೆ, ಇನ್ನೂ ಟೈಮಿದೆ, ಸೇರ್ಕೊಳಿ ಅಂದಳು. ಇದರಲ್ಲೂ ನಮಗೆ ಪಾಲು ಕಡಿಮೆ, ಪೆಟ್ಟು ಜಾಸ್ತಿಯೇನಮ್ಮ ಅಂದೆ, ಆ ಹುಡುಗಿ ನಕ್ಕುಬಿಟ್ಟಳು, ಆಮೇಲೆ ಹೇಳಿದಳು, ಗಂಡಸರನ್ನ ಹೆಂಡ್ತೀರು ಎಳ್ಕೊಂಡು ಬರ್ತಾರೆ, ಹೆಂಗಸರನ್ನ ಕರ್ಕೊಂಡು ಬರೋರು ಕಮ್ಮಿ, ನಿಮಗೆ ಸೊಸೆ ಇದಾಳೆ. ಸೊಸೆ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು.

ನಾಲ್ಕನೆಯವಳು ಮುಗಿಸಿದಳು, ನನ್ನ ಮುಂಚೆ ಇನ್ನೊಬ್ಬಳೇ. ನಾನು ಸಿಕ್ಕಿಬಿದ್ದ ಆ ದಿನ, ಸೊಸೆ ಕೆಲಸದಿಂದ ಬರುವ ಹೊತ್ತು, ನಾನು ಯಂತ್ರದ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ, ಖಾನೆಗೆ ಬೀಗ ಹಾಕಿರಲಿಲ್ಲ, ಮೊಮ್ಮಗಳು ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಚ್ಚಳ ಹಿಡಿದಿದ್ದಾಳೆ, ಕಣ್ಣು ಬಿಟ್ಟರೆ ಕಂಡದ್ದು ಅದು, ಅಜ್ಜಿ, ಗೊಂಬೆಗೆ ನೋವಂತೆ, ನಿನ್ನ ಔಷಧಿ ಹಾಕಿದ್ರೆ ಬಾಯೇ ತೆರೀತಿಲ್ಲ ಅಂದಳು, ಹೀಗೆ ತೆರೀಬೇಕು ಕಣೇ ಎಂದು ಗೊಂಬೆಗೆ ತೋರಿಸಿಕೊಡಲು ತನ್ನ ಬಾಯಿಯನ್ನೇ ದುಂಡಗೆ ತೆರೆದಳು, ಅಪ್ಪನ ಹಾಗೆಯೇ, ಮುಚ್ಚಳ ತುಟಿಯವರೆಗೆ ಬಂದಿತ್ತು, ನನ್ನ ಕೈ ಏಳಲಿಲ್ಲ, ನನ್ನ ಕೈ, ಎದ್ದದ್ದು ಬಾಗಿಲಿನಿಂದ ಬಂದ ಸೊಸೆಯ ಕೈ. ಅವಳು ಕೂಗಾಡಲಿಲ್ಲ, ಮಗುವಿನ ಬಾಯಿ ತೊಳೆದಳು, ಮುಚ್ಚಳವನ್ನು ಮೂಸಿದಳು, ಅಡುಗೆ ಮಾಡಿದಳು, ಬಡಿಸಿದಳು, ಆಮೇಲೆ ಹೇಳಿದಳು, ಅತ್ತೆ, ಅವರನ್ನ ಕರ್ಕೊಂಡು ಹೋದ ಹಾಗೇ ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ, ಬರಲ್ಲ ಅಂದ್ರೆ ಮಗೂನ ಕರ್ಕೊಂಡು ನಾನು ಹೋಗ್ತೀನಿ. ನಾನು ಮಗುವಿನ ಬಗ್ಗೆ ಮಾತಾಡಲಿಲ್ಲ, ನಾಲ್ಕು ಜನ ಕೇಳಿದ್ರೆ ಏನು ಹೇಳೋದೇ ಅಂದೆ, ಅವಳು ನನ್ನನ್ನೇ ನೋಡಿ, ಮಂಡಿ ಆಪರೇಷನ್ ಅಂತ ಹೇಳ್ತೀನಿ ಅಂದಳು. ಮಗನನ್ನು ಸೇರಿಸಿದಾಗ ಬೀದಿಗೆಲ್ಲ ನಾನೇ ಹೇಳಿಕೊಂಡು ಬಂದಿದ್ದೆ, ಎಂಥಾ ಗಟ್ಟಿ ತಾಯಿ ಎಂದಿದ್ದರು.

ಮೇಷ್ಟ್ರು ನನ್ನ ಕಡೆ ಕೈ ತೋರಿಸುತ್ತಿದ್ದಾರೆ, ಈ ಅಮ್ಮನ ಮಗ ಇಲ್ಲೇ ಇದ್ದು ಹೋದ, ಇವತ್ತು ಚೆನ್ನಾಗಿದಾನೆ, ಈ ಪರದೆ ನೋಡಿ, ಇವರೇ ಹೊಲಿದುಕೊಟ್ಟಿದ್ದು, ಬನ್ನಿ ಅಮ್ಮಾ — ಎದ್ದು ನಿಂತಿದ್ದೇನೆ, ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದೇನೆ, ಬಾಗಿಲಲ್ಲಿ ಸೊಸೆ, ಕೈಯಲ್ಲಿ ನನ್ನ ಬಟ್ಟೆಯ ಚೀಲ, ಕೇಳಿಸಿಕೊಂಡಳು, ಚೆನ್ನಾಗಿದಾನೆ ಅಂದದ್ದನ್ನು ಕೇಳಿಸಿಕೊಂಡಳು, ಅವಳ ಗಂಡ, ಒಂದು ಮಾತು ಅವಳು ಅಂದರೆ ಸಾಕು, ಅನ್ನುವುದಿಲ್ಲ, ಅವಳ ಕಣ್ಣು ಮೆಲ್ಲಗೆ ಪರದೆಯ ಕಡೆಗೆ ತಿರುಗಿತು, ಆ ದಿನದ ಹಾಗೆಯೇ. ಈಗಲೂ ಹೇಳಬಹುದು, ಎಲ್ಲಾ ದೇವರ ದಯೆ ಎಂದು ಕೈ ಮುಗಿದು ಕೂರಬಹುದು, ಸಂಜೆಯ ಬಸ್ಸಿಗೆ ಮನೆ, ಖಾನೆ, ಬೀಗ, ಮತ್ತು ಮಗುವಿಲ್ಲದ ಮನೆ. ನನ್ನ ಮಗ ತೀರಿಕೊಂಡ, ಮೇಷ್ಟ್ರೇ. ಯಾರ ಧ್ವನಿ ಇದು, ಇಷ್ಟು ಸಣ್ಣಗೆ. ಇವತ್ತು ಸೇರೋಕೆ ಬಂದಿರೋದು ನಾನು, ಕರ್ಕೊಂಡು ಬಂದೋಳು ಇವಳು. ಯಾರೋ ಕುರ್ಚಿ ಸರಿಸಿದರು, ಬೆಂಚಿನ ಗಂಡಸರು ತಲೆ ಎತ್ತಿದರು, ಪಕ್ಕದ ಹೆಂಗಸು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು, ಎಳೆದುಕೋ ತಾಯಿ, ನನಗೆ ಗೊತ್ತು. ನೆಲ ದಾಟುತ್ತಿದ್ದೇನೆ, ಯಾರೋ ಮೊಣಕೈ ಹಿಡಿದರು, ಸೊಸೆ, ಅತ್ತೆ, ಕೈಲಿ ಏನಿದೆ, ಕೊಡಿ ಅಂದಳು, ಬೆರಳು ಒಂದೊಂದಾಗಿ ಅವಳೇ ಬಿಡಿಸಿದಳು, ಮುಚ್ಚಳ ಅವಳ ಕೈಗೆ ಹೋಯಿತು, ನನ್ನ ಅಂಗೈ ಖಾಲಿ, ಖಾಲಿಯಲ್ಲ, ಒತ್ತಿ ಒತ್ತಿ ಮೂಡಿದ ಗುರುತು, ಕೆಂಪಗೆ, ದುಂಡಗೆ, ಹೆಬ್ಬೆರಳಿನಿಂದ ಉಜ್ಜುತ್ತೇನೆ, ಹೋಗುವುದಿಲ್ಲ, ಅಷ್ಟೇ ಸಣ್ಣದು, ಅಷ್ಟೇ ದುಂಡಗೆ, ತೆರೆದ ಬಾಯಿ, ಮಗುವಿನ ಬಾಯಿ, ತೆರೆದ —