ಈ ಮಾತ್ರೆಗೆ ಪಥ್ಯವಿಲ್ಲ

ನಮ್ಮ ಕಡೆ ಮದ್ದು ಅಂದರೆ ಪಥ್ಯ. ನಾಟಿ ಮದ್ದು ಕೊಡುವವರು ಮೊದಲು ಹೇಳುವುದೇ ಹಾಲು ಬೇಡ, ಮಜ್ಜಿಗೆ ಬೇಡ, ಸೊಪ್ಪು ಬೇಡ, ಬಿಸಿಲಿಗೆ ಹೋಗಬೇಡಿ ಎಂದು. ಅವರನ್ನು ಬೈಯಲು ನಾನು ಕೂತಿಲ್ಲ. ಆದರೆ ಮುತ್ತಿನಕೊಪ್ಪದ ದಾಕ್ಷಾಯಿಣಿ ಯಾರೂ ಹೇಳದೆಯೇ ಎರಡು ವರ್ಷ ಈ ಪಥ್ಯ ಮಾಡಿದಳು. ಅದೂ ಎಚ್‌ಐವಿ ಮಾತ್ರೆಗೆ!

ಅವಳ ಹೆಸರು ಬದಲಿಸಿದ್ದೇನೆ. ನನ್ನದು ಬದಲಿಸಿಲ್ಲ, ನಾನು ಸರ್ವಮಂಗಳಾ. ನನಗೂ ಎಚ್‌ಐವಿ ಇದೆ. ಮಾತ್ರೆ ನುಂಗುವವರ ಮನೆಗೆ ಹೋಗಿ ಮಾತಾಡಿಸುವುದು ನನ್ನ ಕೆಲಸ.

ದಾಕ್ಷಾಯಿಣಿಯ ಗಂಡ ತೀರಿಕೊಂಡಿದ್ದಾನೆ. ಅವಳ ಕಾಯಿಲೆ ಗೊತ್ತಿದ್ದದ್ದು ಅತ್ತೆ ಶಂಕರಮ್ಮನಿಗೆ ಮಾತ್ರ. ಏನು ಮದ್ದು ಎಂದು ಊರವರು ಕೇಳಿದಾಗ ಅತ್ತೆ, "ನಾಟಿ ಮದ್ದು ತಗೊಳ್ತಿದಾಳೆ, ಪಥ್ಯ" ಎಂದರು. ಪಥ್ಯದವರನ್ನು ಯಾರೂ ಊಟಕ್ಕೆ ಒತ್ತಾಯ ಮಾಡುವುದಿಲ್ಲ. ಮದುವೆ, ಗೃಹಪ್ರವೇಶ ಎಲ್ಲ ತಪ್ಪಿತು. ಹೊಲಿಗೆ ಮಿಷನ್ ಜೊತೆ ಅವಳೂ ಒಳಕೋಣೆ ಸೇರಿದಳು. ಬೇರೆ ಪಾತ್ರೆಯಲ್ಲಿ ಗಂಜಿ, ಜೊತೆಗೆ ಉಪ್ಪಿನಕಾಯಿ. ಸುಳ್ಳು ಹೇಳಿ ಹೇಳಿ ಕೊನೆಗೆ ಅತ್ತೆ ಸೊಸೆ ಇಬ್ಬರೂ ಅದನ್ನೇ ನಂಬಿಬಿಟ್ಟರು. ಇಡೀ ದಿನಕ್ಕೆ ದಾಕ್ಷಾಯಿಣಿ ಆಡುವ ಮಾತು ಹತ್ತು ಇರಲಿಕ್ಕಿಲ್ಲ.

ಕಳೆದ ತಿಂಗಳು ಅವಳು ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಬರಲಿಲ್ಲ. ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಬಲಗೈಗೆ ಬ್ಯಾಂಡೇಜು. ಬಚ್ಚಲಲ್ಲಿ ಜಾರಿ ಕೈಯೂರಿದ್ದಕ್ಕೆ ಮಣಿಕಟ್ಟಿನ ಮೂಳೆ ಮುರಿದಿತ್ತು. ಮೂವತ್ತಾರು ವಯಸ್ಸಿಗೆ!

"ಮಾತ್ರೆ ಬಿಟ್ಟಿದೀನಿ ಮಂಗಳಕ್ಕ. ನನ್ನ ಮೂಳೆ ತಿಂದಿದ್ದು ಅದೇ."

"ಬಿಟ್ಟು ಎಷ್ಟು ದಿನ ಆಯ್ತು?"

"ಮೂರು."

ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಮಾರಾಯ್ತಿ, ಸಾಯಕ್ಕೆ ಹೊರಟಿದೀಯಾ?"

"ಸತ್ರೆ ಯಾರಿಗೆ ಗೊತ್ತಾಗತ್ತೆ?"

ನನ್ನ ಸಿಟ್ಟು ಇಳಿಯಿತು. ಒಂದು ಕಾಲದಲ್ಲಿ ನಾನೂ ಅದೇ ಮಾತು ಆಡಿದವಳು.

"ನನಗೆ ಗೊತ್ತಾಗತ್ತೆ" ಎಂದು ಅವಳ ಪಕ್ಕ ಕೂತೆ. "ಕೇಳಿಲ್ಲಿ. ಎಚ್‌ಐವಿ ಇದ್ದವರಿಗೆ ಮೂಳೆ ಬೇಗ ಸವೆಯಬಹುದು. ಕೆಲವು ಮಾತ್ರೆಯಿಂದಲೂ ಸ್ವಲ್ಪ ಆಗಬಹುದು. ಅದನ್ನ ಡಾಕ್ಟ್ರಿಗೆ ಹೇಳ್ಬೇಕು, ಮಾತ್ರೆ ಬಿಟ್ಟು ಕೂರೋದಲ್ಲ. ಬಿಟ್ರೆ ವೈರಸ್ ಜೋರಾಗತ್ತೆ, ಆಮೇಲೆ ಅದೇ ಮಾತ್ರೆ ನಾಟದೇ ಹೋಗಬಹುದು. ಊಟ ಎಂತ ಮಾಡ್ತೀಯ?"

"ಪಥ್ಯದ್ದು."

"ಪಥ್ಯ ಯಾರು ಹೇಳಿದ್ದು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಒಳಗೆ ಬಂದರು.

"ಮದ್ದು ಅಂದ್ಮೇಲೆ ಪಥ್ಯ ಇರಲ್ವ?" ಎಂದರು ಶಂಕರಮ್ಮ. "ಮಜ್ಜಿಗೆ ಕುಡಿದ್ರೆ ಮದ್ದು ಕೆಡತ್ತೆ."

"ಈ ಮಾತ್ರೆ ಕೆಡಲ್ಲ ಶಂಕರಮ್ಮ. ಮೂಳೆಗೆ ಬೇಕಾಗಿದ್ದೇ ಹಾಲು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪು. ಅದನ್ನೇ ನಿಲ್ಲಿಸಿದಿರಿ. ಬಿಸಿಲು ಬೇಕು, ಓಡಾಟ ಬೇಕು. ಇವಳನ್ನ ಕೋಣೆಯಲ್ಲಿ ಇಟ್ಟಿದೀರಿ."

"ಊರಿಗೆ ಹೆದರಿ ಹಾಗೆ ಮಾಡಿದ್ದು..." ಶಂಕರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನವೇ ಮೂವರೂ ಕೇಂದ್ರಕ್ಕೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ ಮಾತ್ರೆ ಮತ್ತೆ ಶುರು ಮಾಡಿಸಿದರು. ಮೂಳೆಗೆ ಕ್ಯಾಲ್ಸಿಯಂ ಬರೆದುಕೊಟ್ಟರು. "ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತೀಯಲ್ಲ, ಅದನ್ನ ಬಿಡು" ಎಂದು ದಾಕ್ಷಾಯಿಣಿಯ ಹಲ್ಲಿನ ಕಲೆ ನೋಡಿ ಗದರಿದರು.

ಮನೆಗೆ ಬಂದಾಗ ಮಧ್ಯಾಹ್ನ. ದಾಕ್ಷಾಯಿಣಿ ಎಡಗೈಯಲ್ಲಿ ಚಮಚ ಹಿಡಿದು ಒಳಕೋಣೆಗೆ ಹೊರಟಳು. ಶಂಕರಮ್ಮ ಅವಳನ್ನು ತಡೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ತಮ್ಮ ತಟ್ಟೆಯಲ್ಲೇ ಮಜ್ಜಿಗೆ ಅನ್ನ ಕಲಸಿ, ಒಂದು ತುತ್ತು ಅವಳ ಬಾಯಿಯ ಹತ್ತಿರ ಹಿಡಿದರು.

"ಅತ್ತೆ, ನಿಮ್ಮ ತಟ್ಟೆ..."

"ಸುಮ್ನೆ ಬಾಯಿ ತೆಗಿ."

ಎರಡು ವರ್ಷದ ಮೇಲೆ ಅವಳು ಒಬ್ಬರ ಜೊತೆ ಕೂತು ಉಂಡಳು.

ಇದನ್ನು ಬಾಗಿಲು ಹಾಕಿಕೊಂಡು ಒಬ್ಬರೇ ಓದುತ್ತಿದ್ದೀರಾ? ನಿಮಗೇ ಹೇಳುತ್ತಿರುವುದು. ಸೊಂಟ ನೋವು, ಮೂಳೆ ನೋವು ಇದ್ದರೆ ಡಾಕ್ಟರಿಗೆ ಹೇಳಿ, ಮಾತ್ರೆ ಮಾತ್ರ ಬಿಡಬೇಡಿ. ಹಾಲು ಕುಡಿಯಿರಿ, ಸೊಪ್ಪು ತಿನ್ನಿ, ಬಿಸಿಲಿಗೆ ಬನ್ನಿ. ಮನೆಯವರೇ, ಜೊತೆಗೆ ಉಂಡರೆ ಎಚ್‌ಐವಿ ಬರುವುದಿಲ್ಲ. ಇವತ್ತೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಡಿಸಿ.