ಪುಟ ಹದಿನಾಲ್ಕು

ಹದಿನಾಲ್ಕನೇ ಪುಟವನ್ನು ಹರಿದರೆ ಹದಿಮೂರರ ಮುಂದೆ ಹದಿನೈದು ಬರುತ್ತದೆ. ಒಂದನೇ ಕ್ಲಾಸಿನ ಮಗುವೂ ಹಿಡಿದುಬಿಡುವ ಕಳ್ಳತನ. ಪುಟಗಳಿಗೆ ಸಂಖ್ಯೆ ಹಾಕಬೇಕೆಂದು ನಿಯಮ ಮಾಡಿದವಳು ಅವಳೇ. ಒಂದು ಪುಟವನ್ನೂ ಹರಿಯಕೂಡದು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದವಳೂ ಅವಳೇ. ಬಟ್ಟೆಕೋಣೆಯಲ್ಲಿ, ಒಗೆದು ಮಡಚಿಟ್ಟ ಹೊದಿಕೆಗಳ ರಾಶಿಗೆ ಬೆನ್ನು ಕೊಟ್ಟು, ಪುಸ್ತಕ ಕೈಯಲ್ಲಿ ಹಿಡಿದು ನಿಂತವಳಿಗೆ ನಗು ಬಂತು. ನಿಯಮ ಚೆನ್ನಾಗಿಯೇ ಇತ್ತು.

ಅವಳು ತೀವ್ರ ನಿಗಾ ಘಟಕದ ಮುಖ್ಯ ನರ್ಸು. ಕಿರಿಯರು ಬೆನ್ನ ಹಿಂದೆ ಹೆಡ್‌ಮಾಸ್ಟರ್ ಎನ್ನುತ್ತಾರೆ. ಅದು ಅವಳಿಗೆ ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಎರಡು ವರ್ಷದ ಹಿಂದೆ ಈ ಘಟಕ ಹೀಗಿರಲಿಲ್ಲ. ಹತ್ತು ಹಾಸಿಗೆಗಳ ಯಂತ್ರಗಳು ಕಾರಣವಿದ್ದೂ ಇಲ್ಲದೆಯೂ ಬೊಬ್ಬೆ ಹಾಕುತ್ತಿದ್ದವು. ಒಂದೇ ತಿಂಗಳಲ್ಲಿ ನಾಲ್ವರು ನರ್ಸುಗಳು ಕೆಲಸ ಬಿಟ್ಟರು; ಐದನೆಯವಳು ಔಷಧದ ಟ್ರಾಲಿಯ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಳು. ಅವಳು ಪಟ್ಟು ಹಿಡಿದು ಒಂದೊಂದನ್ನೇ ಬದಲಿಸಿದಳು. ಅಲಾರಂಗಳನ್ನು ಆಯಾ ರೋಗಿಗೆ ತಕ್ಕಂತೆ ಹೊಂದಿಸಿದಳು. ಪಾಳಿಯ ನಡುವೆ ಪ್ರತಿಯೊಬ್ಬರಿಗೂ ಹದಿನೈದು ನಿಮಿಷ ಕೊಡಿಸಿದಳು, ಬಾಗಿಲು ಹಾಕಿಕೊಂಡು, ಕಾಲು ಮೇಲೆತ್ತಿ ಕೂರುವುದಕ್ಕೆ. ಆಮೇಲೆ ಈ ಪುಸ್ತಕ ತಂದಳು.

ಉಸಿರಾಟಕ್ಕೆ ಕೊಳವೆ ಹಾಕಿ ನಿದ್ದೆಯಲ್ಲಿಟ್ಟ ರೋಗಿಗೆ ದಿನಗಳು ಕಳೆದುಹೋಗುತ್ತವೆ. ಎಚ್ಚರವಾದ ಮೇಲೆ ಆ ಖಾಲಿ ಜಾಗದಲ್ಲಿ ಕೆಟ್ಟ ಕನಸುಗಳು ಬಂದು ಕೂರುತ್ತವೆ. ಅದಕ್ಕೇ ಪ್ರತಿ ಹಾಸಿಗೆಗೂ ಒಂದು ನೋಟುಪುಸ್ತಕ, ದಿನಕ್ಕೊಂದು ಪುಟ, ಹಾಳೆಯ ಒಂದೇ ಬದಿಯಲ್ಲಿ. ‘ಇವತ್ತು ಮಂಗಳವಾರ. ಹೊರಗೆ ಮೋಡ. ನಿಮ್ಮ ಮಗಳು ಬಂದು ಕೈ ಹಿಡಿದು ಕೂತಿದ್ದಳು.’ ಬರೆದವರು ಹೆಸರು ಹಾಕುವಂತಿಲ್ಲ, ‘ಬೆಳಗಿನ ಪಾಳಿ’ ಎಂದರೆ ಸಾಕು. ಘಟಕ ಬಿಡುವ ದಿನ ಪುಸ್ತಕ ರೋಗಿಯ ಕೈಗೆ ಹೋಗುತ್ತದೆ. ಇದರಿಂದ ರೋಗಿಗಳ ಹೆದರಿಕೆ ಇಳಿದಿತ್ತು. ಬರೆಯುವ ನರ್ಸುಗಳ ಮುಖವೂ ಒಂದಿಷ್ಟು ತಿಳಿಯಾಗಿತ್ತು. ಬೇರೆ ಘಟಕದವರು ನೋಡಿಕೊಂಡು ಹೋಗಲು ಬರುತ್ತಿದ್ದರು.

ಆರನೇ ಹಾಸಿಗೆಯವರು ಇವತ್ತು ಎರಡು ಗಂಟೆಗೆ ಸಾಮಾನ್ಯ ವಾರ್ಡಿಗೆ ಹೋಗುತ್ತಾರೆ. ಶ್ವಾಸಕೋಶದ ಸೋಂಕಿನಿಂದ ಬಂದವರು, ಇಪ್ಪತ್ತಮೂರು ದಿನ ಇದ್ದರು. ಹದಿನಾಲ್ಕನೇ ದಿನ ಕೈಬಿಟ್ಟಂತೆಯೇ ಇತ್ತು. ಸಂಬಂಧಿಕರನ್ನು ಪಕ್ಕಕ್ಕೆ ಕರೆದು ಹೇಳುವ ಮಾತನ್ನು ಡಾಕ್ಟರು ಹೇಳಿಯಾಗಿತ್ತು. ಮಗಳು ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಮೋಡ ಇರಲಿಲ್ಲ, ಬಿಸಿಲಿನ ಬಗ್ಗೆ ಹಿಂದಿನ ದಿನವೇ ಬರೆದಾಗಿತ್ತು. ಪುಟ ಖಾಲಿ ಬಿಡುವಂತಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತು ಹೀಗೆ ಬರೆದಳು:

‘ಇವತ್ತು ಹೇಳುವಂಥದ್ದು ಏನೂ ಇಲ್ಲ. ಎಷ್ಟು ದಿನವಾಯಿತೋ ಯಾರ ಜೊತೆಗಾದರೂ ಮಾತಾಡಿ. ಬಂದವರು ಹೇಗಿದ್ದೀಯ ಎನ್ನುತ್ತಾರೆ, ಉತ್ತರ ಬರುವ ಮೊದಲೇ ಎದ್ದು ಹೋಗುತ್ತಾರೆ. ಗಂಡ ಒಳ್ಳೆಯವನು. ಪಕ್ಕದಲ್ಲಿ ಕೂರುತ್ತಾನೆ, ಗಡಿಯಾರ ನೋಡುತ್ತಾನೆ. ಇಲ್ಲೇ ಹಿತವಾಗಿದೆ. ಮನೆಗೆ ಹೋಗಬೇಕು ಅಂತ ಅನ್ನಿಸುವುದೇ ಇಲ್ಲ. ಹೋಗದಿದ್ದರೂ ಅಲ್ಲಿ ಯಾವುದೂ ನಿಲ್ಲುವುದಿಲ್ಲ.’

ಬರೆದು ಕೆಳಗೆ ‘ಬೆಳಗಿನ ಪಾಳಿ’ ಎಂದು ಹಾಕಿದಳು. ಮೈ ಹಗುರವಾಗಿತ್ತು. ಅವತ್ತು ಊಟ ರುಚಿಸಿತ್ತು ಕೂಡ.

ಓದುವವರು ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದಳು. ತೀರಿಕೊಂಡವರ ಪುಸ್ತಕವನ್ನು ಮನೆಯವರು ಕೇಳುವುದು ಕಡಿಮೆ. ಅದು ಕಪಾಟಿಗೆ ಹೋಗುತ್ತದೆ. ಆದರೆ ಹದಿನೈದನೇ ದಿನ ಮನುಷ್ಯನ ಜ್ವರ ಇಳಿಯಿತು. ಹತ್ತೊಂಬತ್ತನೇ ದಿನ ಕೊಳವೆ ತೆಗೆದರು. ಅವಳಿಗೆ ಸಂತೋಷವಾಯಿತು, ನಿಜವಾದ ಸಂತೋಷ. ಅದರ ಪಕ್ಕದಲ್ಲೇ ಇನ್ನೊಂದು ಸಣ್ಣ ಕಿರಿಕಿರಿಯೂ ಇತ್ತು. ಅಂಥದ್ದನ್ನೆಲ್ಲ ಪಾಳಿ ಬದಲಾಗುವಾಗ ಮುಂದಿನವರಿಗೆ ಹೇಳಲು ಬರುವುದಿಲ್ಲ.

ಬಟ್ಟೆಕೋಣೆಯ ಬಾಗಿಲಿನಲ್ಲಿ ಗುಬ್ಬಿ ಇಣುಕಿದಳು. ಹೊಸದಾಗಿ ಸೇರಿದ ನರ್ಸು, ಎಲ್ಲರೂ ಕರೆಯುವುದು ಹಾಗೆಯೇ; ಮೈಕಟ್ಟು ಸಣ್ಣದು, ಬಾಯಿ ದೊಡ್ಡದು.

“ಮೇಡಂ, ಆರನೇ ಬೆಡ್ ಅಂಕಲ್ ಪುಸ್ತಕ ಕೇಳ್ತಿದಾರೆ. ನಿಮ್ಮ ಹತ್ರನೇ ಇದ್ಯಲ್ಲ!”

“ನೋಡ್ತಿದ್ದೆ. ಪುಟದ ನಂಬರ್ ಎಲ್ಲ ಸರಿಯಾಗಿದ್ಯಾ ಅಂತ.”

“ಕೊಟ್ಬಿಡ್ಲಾ?”

“ಈಗ್ಲೇನಾ? ಎರಡು ಗಂಟೆಗಲ್ವಾ ಹೋಗೋದು?”

“ಒಬ್ರು ಜೊತೇಲಿ ಕೂತು ನಿಧಾನಕ್ಕೆ ಓದಿಸ್ಬೇಕು ಅಂತ ನೀವೇ ಹೇಳಿದೀರಲ್ಲ ಮೇಡಂ.” ಗುಬ್ಬಿ ದನಿ ತಗ್ಗಿಸಿದಳು. “ಅಲ್ಲದೆ ಅವರು ಓದೋ ಜಾತಿ. ನಲವತ್ತು ವರ್ಷ ಅಚ್ಚುಮನೇಲಿ ಕರಡು ತಿದ್ತಿದ್ರಂತೆ. ಮಾತ್ರೆ ಡಬ್ಬಿ ಮೇಲಿರೋದನ್ನೂ ಬಿಡ್ದೆ ಓದ್ತಾರಂತೆ, ಮಗಳು ಹೇಳ್ತಿದ್ರು. ಅವರ ಕೆಂಪು ಪೆನ್ ಬೇರೆ ತಂದುಕೊಟ್ಟಿದಾರೆ.”

ಅವಳು ಪುಸ್ತಕ ಕೊಟ್ಟಳು. ಕೊಡದೆ ಇರಲು ಒಂದು ನೆಪ ಹುಡುಕಬಹುದಿತ್ತು. ಪುಟದ ಮೇಲೆ ಔಷಧ ಚೆಲ್ಲಿತು ಎನ್ನಬಹುದಿತ್ತು. ಕೈ ತಾನಾಗಿ ಮುಂದೆ ಹೋಯಿತು. ಯಾರಾದರೂ ಒಬ್ಬರು ಓದಲಿ ಎಂಬ ಆಸೆ ಎಲ್ಲೋ ಇತ್ತು. ಅದನ್ನು ಅವಳು ತನ್ನಲ್ಲೇ ಒಪ್ಪಿಕೊಂಡಳು, ಆಮೇಲೆ ನಾಚಿಕೊಂಡಳು.

ಬೆಳಗಿನ ಸುತ್ತು ಚೆನ್ನಾಗಿ ಹೋಯಿತು. ಎರಡನೇ ಹಾಸಿಗೆಯ ಮುದುಕಿ, ಕಣ್ಣು ಬಿಡಿ ಎಂದಾಗ ಬಿಟ್ಟಳು. ಒಂಬತ್ತನೇ ಹಾಸಿಗೆಯ ಯಂತ್ರ ಒಮ್ಮೆ ಕೂಗಿತು, ಕೂಗಿದ್ದಕ್ಕೆ ಕಾರಣವಿತ್ತು, ಇಬ್ಬರು ಓಡದೆ ನಡೆದುಹೋಗಿ ಸರಿಪಡಿಸಿದರು. ಹೀಗೆ ಓಡದೆ ನಡೆಯುವುದನ್ನು ಕಲಿಸಲು ಅವಳಿಗೆ ಎಂಟು ತಿಂಗಳು ಹಿಡಿದಿತ್ತು. ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದಿತ್ತು. ಯಾರೋ ಮೆಲ್ಲಗೆ ನಕ್ಕರು. ಇದು ತನ್ನ ಮನೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದು ಹಿತವಾಗಿಯೂ ಇತ್ತು.

ಹನ್ನೆರಡಕ್ಕೆ ಅವಳ ಹದಿನೈದು ನಿಮಿಷ. ವಿಶ್ರಾಂತಿ ಕೋಣೆಯ ಗೋಡೆಯ ಮೇಲೆ ಒಂದು ಹಾಳೆ ಇತ್ತು. ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ. ದಿನಾ ಬಂದವರು ತಮ್ಮ ಚುಕ್ಕಿಯನ್ನು ಯಾವುದರ ಕೆಳಗಾದರೂ ಅಂಟಿಸಬೇಕು. ಅವಳ ಚುಕ್ಕಿ ಎರಡು ವರ್ಷದಿಂದ ನಗುವ ಮುಖದ ಕೆಳಗೇ ಇದೆ. ಇವತ್ತೂ ಅಲ್ಲೇ ಅಂಟಿಸಿದಳು. ಸುಳ್ಳು ಅಂತ ಅಲ್ಲ.

ಬಾಗಿಲಿನ ಗಾಜಿನಲ್ಲಿ ಆರನೇ ಹಾಸಿಗೆ ಕಾಣುತ್ತಿತ್ತು. ಆತ ದಿಂಬಿಗೆ ಒರಗಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿ ಓದುತ್ತಿದ್ದರು. ಕೆಂಪು ಪೆನ್ನು ಸಾಲಿನ ಕೆಳಗೆ ಕೆಳಗೆ ಸಾಗುತ್ತಿತ್ತು. ಜೊತೆಗೆ ಕೂತ ಗುಬ್ಬಿ ಪುಟವನ್ನಲ್ಲ, ಅವರ ಮುಖವನ್ನು ನೋಡುತ್ತಿದ್ದಳು. ಪುಟ ಮಗುಚಿದರು. ಎಷ್ಟನೇ ಪುಟವೋ ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಅವಳ ಎದೆ ಡವಡವ ಹೊಡೆದುಕೊಂಡಿತು. ಯಂತ್ರ ಜೋಡಿಸಿದ್ದರೆ ಆ ವೇಗಕ್ಕೆ ಕೂಗಿಬಿಡುತ್ತಿತ್ತು.

ಇನ್ನೊಬ್ಬರ ಬಾಯಿಂದ ಗೊತ್ತಾಗುವ ಮೊದಲು ತಾನೇ ಹೇಳಿಬಿಡುವುದು ಮೇಲು ಎಂದುಕೊಂಡು ಗಂಡನಿಗೆ ಫೋನು ಮಾಡಿದಳು.

“ಏನು, ಈ ಹೊತ್ತಲ್ಲಿ?” ಗಂಡನ ದನಿ ಆಫೀಸಿನದು.

“ಸುಮ್ನೆ.”

“ಹುಷಾರಾಗಿದೀಯ ತಾನೆ?”

“ಹುಷಾರು. ಒಂದು ಮಾತು ಹೇಳ್ಬೇಕಿತ್ತು.”

“ಹೇಳು.” ಆ ಕಡೆ ಯಾರೋ ಏನೋ ಕೇಳಿದರು. “ಮೂರನೇ ಬೀರು, ಕೆಳಗಡೆ,” ಎಂದ ಗಂಡ, ಅವರಿಗೆ. ಆಮೇಲೆ ಇವಳಿಗೆ, “ಹಾಂ, ಹೇಳು.”

“ನೀರಿನ ಫಿಲ್ಟರ್ ರಿಪೇರಿಯವನು ಬರ್ತೀನಿ ಅಂದಿದ್ದ.”

“ನಿನ್ನೆನೇ ಬಂದು ಹೋದ್ನಲ್ಲ. ಹೇಳಿದ್ದೆ ನಿಂಗೆ.”

“ಹೌದಲ್ವಾ.”

“ಅಷ್ಟೇನಾ?”

“ಅಷ್ಟೇ.”

ಜಗಳವೇನೂ ಇರಲಿಲ್ಲ ಅವರಿಬ್ಬರ ನಡುವೆ. ಜಗಳವಾಡಲು ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ವಿಷಯ ಯೋಚಿಸುತ್ತಿರಬೇಕಾಗುತ್ತದೆ. ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ನಿಯಮದಂತೆ ಪೂರ್ತಿ ಕೂತು ಎದ್ದಳು.

ಒಂದೂವರೆಗೆ ಗುಬ್ಬಿ ಬಂದು ಕರೆದಳು. “ಮೇಡಂ, ಅಂಕಲ್ ನಿಮ್ಮನ್ನೇ ಕೇಳ್ತಿದಾರೆ. ಪುಸ್ತಕದ ವಿಷ್ಯ ಅಂತೆ.”

“ಏನಂತೆ?”

“ನಂಗೆ ಹೇಳ್ಲಿಲ್ಲ. ಇನ್‌ಚಾರ್ಜೇ ಬರ್ಲಿ ಅಂದ್ರು.”

ಹತ್ತು ಹೆಜ್ಜೆಯ ದಾರಿ. ಅವಳು ಓಡದೆ ನಡೆದಳು. ಏನೆಂದು ಕೇಳಬಹುದು? ಯಾಕಮ್ಮಾ ಹೀಗೆ ಬರೆದಿದೀಯ ಎಂದು ಕೇಳಬಹುದು. ಕೇಳಿದರೆ ಏನು ಹೇಳುವುದು? ಕೇಳಲಿ, ಕೇಳಲಿ ಎಂದು ಒಳಗೊಂದು ದನಿ ಅನ್ನುತ್ತಿತ್ತು. ಅದನ್ನು ಗದರಿಸಲು ಅವಳಿಗೆ ಮನಸ್ಸಾಗಲಿಲ್ಲ.

ಕೊಳವೆ ತೆಗೆದು ನಾಲ್ಕು ದಿನವಾಗಿದ್ದರೂ ಆತನ ದನಿ ಇನ್ನೂ ಪಿಸುಮಾತಿನ ಮಟ್ಟದಲ್ಲಿತ್ತು. “ಕೂತ್ಕೊಳ್ಳಿ ಸಿಸ್ಟರ್. ಗಾಬರಿ ಏನಿಲ್ಲ. ನಿಮ್ಮ ಪುಸ್ತಕ ತುಂಬಾ ಚೆನ್ನಾಗಿದೆ. ನಾನಿಲ್ಲದ ದಿನಗಳನ್ನೆಲ್ಲ ನನಗೆ ವಾಪಸ್ ಕೊಟ್ರಿ.”

“ಸಂತೋಷ ಸಾರ್.”

“ಆದ್ರೆ ಒಂದು ಎಡವಟ್ಟಾಗಿದೆ.”

ಹದಿನಾಲ್ಕನೇ ಪುಟ ತೆರೆದು ತೊಡೆಯ ಮೇಲಿಟ್ಟುಕೊಂಡರು. ಅವಳ ಸಾಲುಗಳ ಸುತ್ತ ಕೆಂಪು ಚೌಕ ಬಿದ್ದಿತ್ತು, ಸ್ಕೇಲು ಇಟ್ಟು ಎಳೆದಷ್ಟು ನೆಟ್ಟಗೆ. ಚೌಕದ ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ. ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿತ್ತು: ಇದು ಇಲ್ಲಿಗೆ ಸೇರಿದ್ದಲ್ಲ.

“ಬೇರೆ ಯಾರದೋ ಪುಟ ನನ್ನದರಲ್ಲಿ ಸೇರ್ಕೊಂಡಿದೆ. ಅಚ್ಚುಮನೇಲಿ ಆಗ್ತಿರ್ತಿತ್ತು ಹೀಗೆ. ಒಂದ್ಸಲ ಅಡುಗೆ ಪುಸ್ತಕದ ಮಧ್ಯ ರೇಖಾಗಣಿತ ಬಂದ್ಬಿಟ್ಟಿತ್ತು.” ನಗಲು ಹೋಗಿ ಕೆಮ್ಮಿದರು. ಅವಳು ನೀರು ಹಿಡಿದಳು. ಒಂದು ಗುಟುಕು ಕುಡಿದು ಕೇಳಿದರು, “ಯಾವ ಬೆಡ್ಡು ಅವರದು?”

“ಯಾರದು?”

“ಈ ಹೆಂಗಸಿನದು. ಗಂಡ ಅಂತ ಬರೆದಿದೆಯಲ್ಲ, ಅದಕ್ಕೆ ಹೆಂಗಸು ಅಂದ್ಕೊಂಡೆ. ನಿಮ್ಮಲ್ಲಿ ಯಾರಿಗೋ ಹೇಳಿ ಬರೆಸಿರ್ಬೇಕು, ಪಾಪ. ಓದಿ ಸಂಕಟ ಆಯ್ತು. ಮಲಗಿದ್ದಲ್ಲೇ ಮಲಗಿ, ಯಾರ ಹತ್ರನೂ ಮಾತಿಲ್ಲ, ಗಂಡ ಬಂದ್ರೆ ಗಡಿಯಾರ ನೋಡ್ತಾನೆ.” ಕನ್ನಡಕ ಮೇಲೆ ಸರಿಸಿ ಅವಳನ್ನು ನೋಡಿದರು. “ಬದುಕಿದ್ರಾ?”

ಅವಳು ಆತನ ಮುಖವನ್ನು ಹುಡುಕಿದಳು. ಗೊತ್ತಿದ್ದೂ ಕೇಳುತ್ತಿದ್ದಾರೆಯೇ? ನಲವತ್ತು ವರ್ಷ ಬೇರೆಯವರ ಸಾಲುಗಳನ್ನು ಓದಿದ ಮುಖ. ಅಲ್ಲಿ ಏನೂ ಸಿಕ್ಕಲಿಲ್ಲ.

“ಸ್ಟೇಬಲ್ ಆಗಿದಾರೆ,” ಎಂದಳು.

“ಒಳ್ಳೇದು. ಮನೆಗೆ ಹೋದ್ರಾ?”

“ಇನ್ನೂ ಇಲ್ಲ.”

“ಹೋಗ್ತಾರೆ ಬಿಡಿ. ನಿಮ್ಮಂಥೋರು ನೋಡ್ಕೊಳ್ತಿರುವಾಗ.” ಪೆನ್ನನ್ನು ತಿರುಗಿಸಿ ಅವಳ ಕಡೆ ಹಿಡಿದರು. “ರಟ್ಟಿನ ಒಳಗಡೆನೇ ಅಚ್ಚು ಹಾಕ್ಸಿದೀರಿ, ಯಾವುದನ್ನೇ ಹೊಡೆದುಹಾಕಿದ್ರೂ ಪಕ್ಕದಲ್ಲಿ ಇನ್‌ಚಾರ್ಜ್ ಸಹಿ ಇರ್ಬೇಕು ಅಂತ. ನನಗೆ ಇಂಥ ಶಿಸ್ತು ಬಹಳ ಇಷ್ಟ.”

ಅವಳು ಸಹಿ ಹಾಕಿದಳು, ಹೆಸರಿನ ಕೆಳಗೆ ದಿನಾಂಕ ಬರೆದಳು. ಗಂಟೆ ನೋಡಿ ಗಂಟೆಯನ್ನೂ ಬರೆದಳು: ಒಂದು ನಲವತ್ತು. ಪೆನ್ನಿನ ಮುಚ್ಚಳ ಹಾಕಿ ಹಿಂದಕ್ಕೆ ಕೊಟ್ಟಳು. ದೊಡ್ಡ ಗಂಡಾಂತರ ತಪ್ಪಿತ್ತು. ಇನ್ನು ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ.

ಎರಡಕ್ಕೆ ಸರಿಯಾಗಿ ಗಾಲಿಕುರ್ಚಿ ಬಂತು. ಘಟಕ ಬಿಟ್ಟು ಹೋಗುವವರಿಗೆ ಎಲ್ಲರೂ ನಿಂತು ಚಪ್ಪಾಳೆ ತಟ್ಟುವುದು ಇಲ್ಲಿಯ ರೂಢಿ. ಬೇರೆ ರೋಗಿಗಳು ಬೆಚ್ಚಬಾರದೆಂದು ಕೈಗವಸು ಹಾಕಿಕೊಂಡು, ಸದ್ದಾಗದಂತೆ. ಅದೂ ಅವಳದೇ ಯೋಚನೆ. ಆತ ಪುಸ್ತಕವನ್ನು ಎದೆಗೆ ಅವುಚಿಕೊಂಡು ಕೈ ಬೀಸಿದರು. ಮಗಳು ಅತ್ತಳು. ಗುಬ್ಬಿಯೂ ಅತ್ತಳು. ಅವಳೂ ಎಲ್ಲರ ಜೊತೆ ತಟ್ಟಿದಳು, ಮನಸ್ಸಿನಿಂದಲೇ ತಟ್ಟಿದಳು. ಒಬ್ಬ ಮನುಷ್ಯ ಬದುಕಿ ಹೋಗುತ್ತಿದ್ದ. ಅದಕ್ಕಿಂತ ಹೆಚ್ಚು ಏನು ಬೇಕು?

“ಯಾಕೆ ಮೇಡಂ ಒಂಥರಾ ಇದೀರಿ?” ಬಾಗಿಲು ಮುಚ್ಚಿದ ಮೇಲೆ ಗುಬ್ಬಿ ಕೇಳಿದಳು. “ಏನಂದ್ರು ಅಂಕಲ್?”

“ಪುಸ್ತಕ ಚೆನ್ನಾಗಿದೆ ಅಂದ್ರು.”

“ಮತ್ತೆ?”

“ಒಂದು ಸಣ್ಣ ತಪ್ಪಿತ್ತು. ಸರಿ ಮಾಡಿದ್ರು. ಹೋಗು, ಹೊಸಬರು ಬರೋಷ್ಟರಲ್ಲಿ ಊಟ ಮುಗಿಸ್ಕೋ.”

ಗುಬ್ಬಿ ಹೋದಳು. ಆರನೇ ಹಾಸಿಗೆಯ ಹೊದಿಕೆ, ದಿಂಬು ಎಲ್ಲ ತೆಗೆದಾಗಿತ್ತು. ಅಡಿಯ ಗಾಳಿಹಾಸಿಗೆಯ ಪಂಪನ್ನು ಯಾರೋ ಆರಿಸದೆ ಹೋಗಿದ್ದರು. ಮಲಗಿದವರ ಮೈ ಒಂದೇ ಕಡೆ ಒತ್ತಿ ಹುಣ್ಣಾಗದಿರಲೆಂದು ಅದರ ಅಡ್ಡ ಕೊಳವೆಗಳು ಸರದಿಯ ಪ್ರಕಾರ ಉಬ್ಬುತ್ತವೆ, ಇಳಿಯುತ್ತವೆ. ಈಗ ಮೇಲೆ ಯಾರೂ ಇರಲಿಲ್ಲ. ಸ್ವಿಚ್ಚಿಗೆಂದು ಚಾಚಿದ ಕೈಯನ್ನು ಅವಳು ಹಾಸಿಗೆಯ ಮೇಲೆ ಇಟ್ಟಳು. ಅಂಗೈಯ ಕೆಳಗೆ ರಬ್ಬರು ಮೆಲ್ಲಗೆ ಎದ್ದು ಕೈಯನ್ನು ಹೊತ್ತಿತು, ಅದರ ಸರದಿ ಮುಗಿಯಿತು, ಇಳಿಯಿತು, ಪಕ್ಕದ್ದು ಎದ್ದಿತು. ಹೀಗೆ ತಲೆಯ ಕಡೆಯಿಂದ ಕಾಲಿನ ಕಡೆಗೆ, ಒಂದೂ ತಪ್ಪದೆ, ಆ ಹಾಸಿಗೆ, ತನ್ನ ಮೇಲಿಲ್ಲದ ಮೈಯೊಂದನ್ನು ನೋವಾಗದಂತೆ ಎತ್ತುತ್ತ ಇಳಿಸುತ್ತ ಇತ್ತು.